ಹಲಸಿನ ಹಪ್ಪಳದ ಮೊಕದ್ದಮೆ

ನಾನು ಈವರೆಗೆ ಒಂದು ಕೋರ್ಟಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಊರಿನದ್ದೂ ಇಲ್ಲ, ಇಲ್ಲಿನದ್ದನ್ನಂತೂ ದೇವರೇ ತಪ್ಪಿಸಲಿ. ಆದರೂ ಕತಾರಿನ ಅಲ್ ಗರಾಫಾದ ನಮ್ಮ ಫ್ಲಾಟಿನ ಸೋಫಾದಲ್ಲಿ ಕೂತು, ಸಂಜೆಯ ಚಹಾದ ಜೊತೆ ಫೋನಿನಲ್ಲಿ ಅಮೆರಿಕದ ಕೋರ್ಟುಗಳ ವಿಡಿಯೋ ನೋಡಿ ನೋಡಿ ಅರ್ಧ ನ್ಯಾಯಾಧೀಶನಾಗಿದ್ದೇನೆ. ಉಳಿದರ್ಧ ನನ್ನ ಹೆಂಡತಿ ಶಶಿಕಲಾ. ಅವಳು ವಿಡಿಯೋ ನೋಡದೆಯೇ ಆದವಳು.

ಆ ದೇಶದ ನ್ಯಾಯದಲ್ಲಿ ಬೆರಗಾಗುವ ಸಂಗತಿಗಳು ಒಂದೆರಡಲ್ಲ. ಒಬ್ಬನಿಗೇ ಎರಡು ಜೀವಾವಧಿ ಶಿಕ್ಷೆ ಕೊಡುತ್ತಾರೆ, ಅದೂ ಒಂದು ಮುಗಿದ ಮೇಲೆ ಇನ್ನೊಂದು. ಪುನರ್ಜನ್ಮವನ್ನು ನಾವು ಬರೀ ನಂಬಿದೆವು, ಅವರು ತೀರ್ಪಿನಲ್ಲೇ ಬರೆದುಬಿಟ್ಟರು. ಜೈಲು ನೋಡಿಕೊಳ್ಳುವ ಇಲಾಖೆಗೆ ಅವರಿಟ್ಟ ಹೆಸರಿನ ಅರ್ಥ ‘ತಿದ್ದುಪಡಿ’. ಕನ್ನಡ ಮೇಷ್ಟ್ರು ಕೆಂಪು ಶಾಯಿ ಹಿಡಿದು ಕೂತ ಹಾಗೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಪ್ಲೀ ಬಾರ್ಗೇನ್. ಹನ್ನೆರಡು ಮಂದಿಯ ಜ್ಯೂರಿ, ಮೇಜು ಕುಟ್ಟುವ ವಕೀಲರು, ಇವೆಲ್ಲ ಅಪರೂಪವಂತೆ. ಬಹುಪಾಲು ಮಂದಿ ವಿಚಾರಣೆಗೆ ಮೊದಲೇ “ತಪ್ಪು ನನ್ನದೇ” ಎಂದು ಒಪ್ಪಿಕೊಂಡು, ಕಡಿಮೆ ಶಿಕ್ಷೆ ಪಡೆದು ಹೋಗುತ್ತಾರೆ. ಬಂಗುಡೆ ಮೀನಿಗೆ ಚೌಕಾಶಿ ಮಾಡಿಯೇ ಬೆಳೆದ ನನಗೆ ನ್ಯಾಯಕ್ಕೂ ಚೌಕಾಶಿ ಉಂಟೆಂದು ತಿಳಿದು ಪರಮಾನಂದವಾಯಿತು. ಮನೆಯಲ್ಲೂ ಜಾರಿಗೆ ತಂದೆ: ಒಪ್ಪಿಕೊಂಡರೆ ಅರ್ಧ ಶಿಕ್ಷೆ, ವಾದ ಮಾಡಿದರೆ ಪೂರ್ತಿ. ಈ ಕಾನೂನಿಗೆ ಸಿಕ್ಕ ಏಕಮಾತ್ರ ಪ್ರಜೆ ಒಂಬತ್ತನೇ ತರಗತಿಯ ಮಗಳು ಧನ್ಯಾ.

ಕತಾರಿನಲ್ಲಿ ಇಷ್ಟೊಂದು ಬಿಸಿಲು ಪುಕ್ಕಟೆ ಬೀಳುವಾಗ ಹಪ್ಪಳ ಹಾಕದಿರುವುದು ಪಾಪ ಎಂಬುದು ಶಶಿಕಲಾಳ ನಂಬಿಕೆ. ಊರಿನಿಂದ ಬಂದವರ ಬ್ಯಾಗಿನಲ್ಲಿ ಎರಡು ಹಲಸಿನಕಾಯಿ ಬಂದದ್ದೇ ತಡ, ಬಾಲ್ಕನಿ ತುಂಬ ಹಪ್ಪಳ. ಆ ದಿನ ಧೂಳುಗಾಳಿಯ ಸೂಚನೆ ಇತ್ತೆಂದು ಎಲ್ಲವನ್ನೂ ಒಳಗೆ ಹರಡಿ, ಕೊನೆಗೆ ಹೊರಟ ಧನ್ಯಾಳಿಗೆ ಬಾಲ್ಕನಿಯ ಜಾರುಬಾಗಿಲು ಹಾಕಲು ಹೇಳಿ, ಸಾಮಾನು ತರಲು ಹೋದೆವು. ಬಂದು ನೋಡಿದರೆ ಬಾಗಿಲು ಎರಡು ಗೇಣು ತೆರೆದಿದೆ, ಹಪ್ಪಳಕ್ಕೆ ಮರುಭೂಮಿಯೇ ಮೆತ್ತಿಕೊಂಡಿದೆ.

“ನಾನು ಹಾಕಿದ್ದೆ,” ಎಂದಳು ಧನ್ಯಾ. ಶಶಿಕಲಾ ಒಂದು ಹಪ್ಪಳ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: ವಾದಿಸಿ ಸೋತರೆ ಒಂದು ತಿಂಗಳು ಫೋನೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಒಪ್ಪಿಕೊಂಡರೆ ಹದಿನೈದು ದಿನ ಫೋನು ಮಾತ್ರ.

ಧನ್ಯಾ ಬೆರಳಲ್ಲಿ ದಿನ ಎಣಿಸಿದಳು. “ಒಪ್ಪಿಕೊಂಡ್ರೆ ಶುಕ್ರವಾರ ಶಿಫಾನ ಮನೆಗೆ ಹೋಗ್ಬಹುದಾ?”

“ಹೋಗಬಹುದು.”

“ಹಾಗಾದ್ರೆ ನಾನೇ. ಖಲಾಸ್.”

ಇಷ್ಟು ಬೇಗ ಇತ್ಯರ್ಥವಾದ ಪ್ರಕರಣ ಅಮೆರಿಕದಲ್ಲೂ ಇರಲಿಕ್ಕಿಲ್ಲವೆಂದು ನಾನು ಉಬ್ಬಿಹೋದೆ.

ಶಿಫಾ ಎಂದರೆ ಅಬು ಹಮೂರ್ ಬಡಾವಣೆಯಲ್ಲಿದ್ದ ಬ್ಯಾರಿ ಕುಟುಂಬದ ಹುಡುಗಿ, ಎಲ್‌ಕೆಜಿಯಿಂದ ಧನ್ಯಾಳ ಗೆಳತಿ. ಅವಳ ಅಪ್ಪನ ಕೆಲಸ ಮುಗಿದು, ಆ ಶನಿವಾರ ಎಲ್ಲರೂ ಖಾಯಮ್ಮಾಗಿ ಉಪ್ಪಿನಂಗಡಿಗೆ ಹೊರಟಿದ್ದರು. ಇಲ್ಲಿನ ಸ್ನೇಹಕ್ಕೆ ವೀಸಾದಷ್ಟೇ ಆಯುಷ್ಯ. ಶುಕ್ರವಾರ ನಾನೇ ಕಾರಿನಲ್ಲಿ ಬಿಟ್ಟು ಬಂದೆ, ನಾನೇ ಕರೆತಂದೆ. ದಾರಿಯುದ್ದಕ್ಕೂ ಮಗಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಆಮೇಲಿನ ಹದಿನೈದು ದಿನ ಅವಳ ಫೋನು ನನ್ನ ಕಪಾಟಿನಲ್ಲಿ ಕೂತು ಆಗಾಗ ಗುಂಯ್ಗುಡುತ್ತಿತ್ತು.

ಶಿಕ್ಷೆ ಮುಗಿದ ವಾರವೇ ಮತ್ತೆ ಗಾಳಿ ಎದ್ದಿತು. ಈ ಸಲ ಬಾಗಿಲು ಹಾಕಿ ಚಿಲಕ ಒತ್ತಿದ್ದು ನಾನು. ಮೂವರೂ ಚಹಾ ಕುಡಿಯುತ್ತಿದ್ದಾಗ, ಬಾಗಿಲು ಒಮ್ಮೆ ನಡುಗಿ, ಚಿಲಕ ಕಳಚಿ, ನಮ್ಮ ಕಣ್ಣೆದುರೇ ತನ್ನಷ್ಟಕ್ಕೆ ಎರಡು ಗೇಣು ಜಾರಿತು.

ಶಶಿಕಲಾ ಮಗಳತ್ತ ತಿರುಗಿ ಕೇಳಿದಳು, “ಮತ್ತೆ ನೀನು ಎಂತಕ್ಕೆ ಮಾರಾಯ್ತಿ ಒಪ್ಪಿಕೊಂಡದ್ದು?”

“ಶಿಫಾ ಶನಿವಾರ ಹೋಗ್ತಿದ್ಲು. ಪಪ್ಪನ ಹತ್ರ ಆರ್ಗ್ಯೂ ಮಾಡಿ ನಾನು ಗೆಲ್ಲುವಾಗ ಅವಳ ಫ್ಲೈಟ್ ಮಂಗಳೂರಲ್ಲಿ ಇಳಿದಿರ್ತಿತ್ತು.”

ನನಗೆ ವಿಡಿಯೋಗಳಲ್ಲಿ “ತಪ್ಪು ನನ್ನದೇ” ಎಂದು ತಲೆ ತಗ್ಗಿಸಿದವರ ಸಾಲೇ ನೆನಪಾಯಿತು. ಅವರಲ್ಲಿ ಎಷ್ಟು ಜನಕ್ಕೆ ಮನೆಯಲ್ಲಿ ಕೂಸಿತ್ತೋ, ಎಷ್ಟು ಜನಕ್ಕೆ ಕೆಲಸ ಕೈತಪ್ಪುವುದಿತ್ತೋ, ಎಷ್ಟು ಜನಕ್ಕೆ ಜಾಮೀನು ಕೊಡುವವರಿರಲಿಲ್ಲವೋ. ನಾನಂತೂ ಚಹಾ ಹೀರುತ್ತಾ ‘ಎಂಥ ದಕ್ಷ ವ್ಯವಸ್ಥೆ’ ಎಂದು ತಲೆದೂಗಿದ್ದೆ. ಹೊಸ ಶಾಲೆಯಲ್ಲಿ ಒಂದು ಮುಖವೂ ಗುರುತಿಲ್ಲದ ಶಿಫಾ ಆ ಹದಿನೈದು ದಿನ ಕರೆ ಮಾಡಿ ಮಾಡಿ ಸೋತಳಂತೆ. ಅದನ್ನು ವಾಪಸು ಕೊಡುವ ಮೇಲ್ಮನವಿ ಯಾವ ದೇಶದಲ್ಲೂ ಇಲ್ಲ.

“ತಪ್ಪಾಯ್ತು ಮಗಾ,” ಎಂದೆ.

“ಒಪ್ಪಿಕೊಂಡ್ರೆ ಅರ್ಧ,” ಎಂದು ಧನ್ಯಾ ಕೈ ಚಾಚಿದಳು. ವಾದಿಸದೆ ನನ್ನ ಫೋನು ಒಪ್ಪಿಸಿದೆ.

ಈಗ ಸಂಜೆ ವಿಡಿಯೋ ಇಲ್ಲ, ಚಹಾ ಉಂಟು, ಜೊತೆಗೆ ಕರಿದ ಹಪ್ಪಳವೂ ಉಂಟು. ಮರಳು ಮೆತ್ತಿದ್ದನ್ನು ಶಶಿಕಲಾ ಬಿಸಾಡಿರಲಿಲ್ಲ, ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಅದು ನನ್ನ ತಟ್ಟೆಗೆ ಮಾತ್ರ ಬೀಳುತ್ತದೆ. ಹಲ್ಲಿನಡಿ ಕರಕ್ಕೆನ್ನುತ್ತದೆ, ನಾನು ನುಂಗುತ್ತೇನೆ. ತಿದ್ದುಪಡಿ ನಡೆಯುತ್ತಿದೆ.