ಚಕ್ಕುಲಿ ಒರಳಿನ ಹೊಸ ತಿರುಪು

ಆದರೆ ನಿನ್ನೆ ನಾನು ಬರೆದದ್ದು ತಪ್ಪು, ಸ್ನೇಹಿತರೇ. ಕೊಳ್ಳೇಗಾಲದ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಕಂಪ್ಯೂಟರ್ ಲೇತ್ ಕೆಟ್ಟಿಲ್ಲ. ತೀರಿಕೊಂಡ ನನ್ನ ಹೆಂಡತಿಯ ಹಿತ್ತಾಳೆ ಚಕ್ಕುಲಿ ಒರಳಿನ ತಿರುಪು ಸವೆದಿತ್ತು. ಅಲ್ಲಿ ಹೊಸದು ಮಾಡಿಸಿದರೆ, ಒರಳಿನ ಮುಚ್ಚಳದೊಳಗೆ ಎರಡು ಸುತ್ತು ಹೋಗಿ ನಿಂತುಬಿಡುತ್ತಿತ್ತು. ಇವತ್ತು ಮುಚ್ಚಳವನ್ನೂ ಹಿಡಿದುಕೊಂಡು ಹೋಗಿ, "ಪಿಚ್ ಈಸ್ ರಾಂಗ್, ಹಂಡ್ರೆಡ್ ಪರ್ಸೆಂಟ್" ಎಂದು ಕಾಲೇಜಿನ ಇಂಗ್ಲಿಷ್ ಬಿಟ್ಟೆ; ತಿರುಪಿನ ಸುರುಳಿ ಗೆರೆಗಳ, ಅಂದರೆ ಥ್ರೆಡ್ಡಿನ, ಅಂತರವೇ ತಪ್ಪಿದೆ ಎಂದು ಅದರರ್ಥ.

ಮಷಿನ್ ನಡೆಸುವ ಸಿದ್ದರಾಜು ಪ್ರೋಗ್ರಾಂ ನೋಡಿದ, ತಿರುಪಿಗೆ ಅಳತೆಯ ಗೇಜ್ ಇಟ್ಟು ನೋಡಿದ. ಎಲ್ಲ ಸರಿಯಿತ್ತು. ಕೊನೆಗೆ ಮುಚ್ಚಳದೊಳಕ್ಕೆ ಟಾರ್ಚ್ ಬಿಟ್ಟ.

"ಥ್ರೆಡ್ ತುಂಬಾ ಇಟ್ಟು ಒಣಗ್ಕೊಂಡದೆ ಕಣ್ ಸಾ. ಬ್ರಶ್ ಆಕ್ಬುಟ್ರೆ ಸರ್ಯಾಯ್ತದೆ."

"ಬ್ರಶ್ ಬೇಡಪ್ಪ" ಎಂದೆ. ಅದು ಅವಳು ಕೊನೆಯ ಸಲ ಒತ್ತಿದ ಹಿಟ್ಟು.

"ಅಕ್ಕೋರ್ದಾ?" ಎಂದ. ತಲೆಯಾಡಿಸಿದೆ. ಅವನು ಬ್ರಶ್ಶನ್ನು ಕೆಳಗಿಟ್ಟ.

"ಇನ್ನೊಂದು ರಾಡ್ ಅದೆ. ಆ ಇಟ್ಟು ತಾಕ್ದಂಗೆ ಒಸಿ ಸಣ್ಣಕ್ಕೆ ಥ್ರೆಡ್ ಕೊಡ್ತೀನಿ ಬುಡಿ ಸಾ."

ಕೊಟ್ಟ. ಒಂದು ಚೂರೂ ಉದುರದೆ ತಿರುಪು ಇಳಿಯಿತು.

ಇನ್ನು ಚಕ್ಕುಲಿ ಒತ್ತಿದರೆ ಹೊಸ ಹಿಟ್ಟು ಅವಳ ಹಿಟ್ಟಿಗೆ ಅಂಟುತ್ತದೆ, ಆದ್ದರಿಂದ ಒತ್ತುವುದಿಲ್ಲ. ಹಾಗಾದರೆ ತಿರುಪು ಯಾಕೆ ಬೇಕಿತ್ತು ಎಂದು ನೀವು ಕೇಳುತ್ತೀರಿ. ಇಲ್ಲಿ ನಾನು ಬರೆಯುತ್ತಾ ಕೂತ ಜಗಲಿಯ ಮೇಲೆ ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ.