ಬರೆಯದೆ ಬಿಟ್ಟ ಹೆಸರು

ದಕ್ಷಿಣ ಡೆಲವೇರ್‌ನ ಆ ಕೋಳಿ ಕಾರ್ಖಾನೆಯ ಊರಿನಲ್ಲಿ ಲೊರೇನ್ ಟ್ರೂಯಿಟ್ ಮೂವತ್ತೊಂದು ವರ್ಷ ಚರ್ಚಿನ ಕಾರ್ಯದರ್ಶಿಯಾಗಿದ್ದಳು. ಯಾರ ಅರ್ಜಿ ಬರೆಯಲೂ ಅವಳೇ ಬೇಕು. ಒಳ್ಳೆಯ ಹೆಂಗಸು, ಆದರೆ ಹಿಂದೆಮುಂದೆ ನೋಡದೆ ಧೈರ್ಯ ಹೇಳುವುದು ಅವಳಿಗಂಟಿದ ರೋಗ.

ಆ ಚಳಿಗಾಲ ಸರ್ಕಾರ ಹೊರನಾಡಿನ ಸಾವಿರಾರು ಕಾರ್ಮಿಕರ ಕೆಲಸದ ಪರವಾನಗಿ ರದ್ದು ಮಾಡಿತು. ಕಾರ್ಮಿಕರ ಸಂಘವೊಂದು ಕೋರ್ಟಿಗೆ ಹೋಯಿತು. ದೂರದ ಜಿಲ್ಲಾ ನ್ಯಾಯಾಧೀಶರೊಬ್ಬರು ಇಡೀ ದೇಶಕ್ಕೇ ಅನ್ವಯಿಸುವಂತೆ ತಡೆಯಾಜ್ಞೆ ಕೊಟ್ಟರು. ಆದರೂ ಯಾವುದಕ್ಕೂ ಇರಲಿ ಎಂದು ಸಂಘ ಮೊಕದ್ದಮೆಯ ಪಟ್ಟಿಗೆ ಸದಸ್ಯರ ಹೆಸರು ಬರೆಸುತ್ತಿತ್ತು. ಒಂದು ಶನಿವಾರ ಚರ್ಚಿನ ಊಟದ ಕೋಣೆಯಲ್ಲಿ ಕೂತು ಲೊರೇನ್ ನಲವತ್ತಾರು ಹೆಸರು ಬರೆದಳು.

ಸರತಿಯ ಕೊನೆಯಲ್ಲಿ ರೋಸ್ಮೆನ್ ನಿಂತಿದ್ದಳು. ಹೈತಿಯವಳು, ಕಾರ್ಖಾನೆಯಲ್ಲಿ ಕೋಳಿ ಕತ್ತರಿಸುವವಳು. ಲೊರೇನ್ ಸೊಂಟ ಮುರಿದುಕೊಂಡು ಮಲಗಿದ್ದಾಗ ಎರಡು ತಿಂಗಳು ಬೇಯಿಸಿ ಹಾಕಿದವಳು ಅವಳೇ.

“ಮಿಸ್ ಲೊರೇನ್, ನಮ್ಮೂರಲ್ಲಿ ಪಟ್ಟಿಗೆ ಹೆಸರು ಕೊಟ್ಟೋರ ಮನೆಗೇ ಮೊದಲು ಜೀಪು ಬರ್ತಿತ್ತು. ನಮ್ಮಪ್ಪನ್ನ ಕರ್ಕೊಂಡು ಹೋಗಿದ್ದು ಹಂಗೇ. ಬರೆಸ್ಲೇಬೇಕಾ?”

“ಇಷ್ಟು ಹೆದರ್ಕೊಂಡು ಯಾಕಮ್ಮ ಬರೆಸ್ತೀಯ? ಜಡ್ಜು ಇಡೀ ದೇಶಕ್ಕೇ ನಿಲ್ಲಿಸಿದಾರೆ. ಹೆಸರಿದ್ರೂ ಒಂದೇ, ಇಲ್ದಿದ್ರೂ ಒಂದೇ. ಬಾ, ನನ್ನ ಕೋಳಿ ಕಡುಬು ತಿನ್ನು.”

“ನಿಮ್ಮ ಕಡುಬಿಗೋಸ್ಕರ ಆ ಕೋಳಿ ಸತ್ತಿದ್ದೂ ದಂಡ,” ಎಂದಳು ರೋಸ್ಮೆನ್. ಇಬ್ಬರೂ ನಕ್ಕರು.

ಜೂನ್‌ನಲ್ಲಿ ಮೇಲಿನ ಕೋರ್ಟಿನ ತೀರ್ಪು ಬಂತು. ಒಬ್ಬ ಜಿಲ್ಲಾ ನ್ಯಾಯಾಧೀಶ ಇಡೀ ದೇಶಕ್ಕೆ ಸರ್ಕಾರದ ಕೈ ಕಟ್ಟುವಂತಿಲ್ಲ. ಮೊರೆಯಿಟ್ಟವರಿಗೆ ಮಾತ್ರ ತಡೆಯಾಜ್ಞೆ. ಅಂದಿನವರೆಗೆ ಸಂಘದ ಪಟ್ಟಿಯಲ್ಲಿದ್ದವರು ಉಳಿದುಕೊಂಡರು. ತೀರ್ಪು ಸರಿ ಎಂದು ಅರ್ಧ ಊರು, ತಪ್ಪು ಎಂದು ಇನ್ನರ್ಧ ಊರು ಕಾಫಿ ಅಂಗಡಿಯಲ್ಲಿ ಕಚ್ಚಾಡಿತು. ಲೊರೇನ್ ಮಾತ್ರ ನೇರ ಮನೆಗೆ ಬಂದು ಸಂಘದ ವಕೀಲೆಗೆ ಫೋನ್ ಮಾಡಿದಳು.

“ಒಂದು ಹೆಸರು ಬಿಟ್ಟುಹೋಗಿದೆ. ಹಳೇ ತಾರೀಖು ಹಾಕಿ ಸೇರಿಸ್ಲಾ?”

“ಅದೊಂದು ಸುಳ್ಳು ಸಿಕ್ಕಿಬಿದ್ರೆ ಉಳಿದ ನಲವತ್ತಾರು ಜನಾನೂ ಮುಳುಗ್ತಾರೆ, ಮಿಸ್ ಟ್ರೂಯಿಟ್. ದಯವಿಟ್ಟು ಪಟ್ಟಿ ಮುಟ್ಬೇಡಿ.”

ಮುಟ್ಟಲಿಲ್ಲ. ಎರಡು ವಾರದಲ್ಲಿ ರೋಸ್ಮೆನ್‌ಳ ಪರವಾನಗಿ ರದ್ದಾಯಿತು, ಕಾರ್ಖಾನೆ ಅವಳ ಗುರುತಿನ ಚೀಟಿ ವಾಪಸು ಪಡೆಯಿತು. ಕೆನಡಾದಲ್ಲಿ ಅವಳ ಅಕ್ಕನಿದ್ದಳು, ಅಲ್ಲಿಗೆ ಹೊರಡುವ ಮುನ್ನ ರೋಸ್ಮೆನ್ ಹೇಳಿ ಹೋಗಲು ಬಂದಳು. ಲೊರೇನ್ ಎಷ್ಟೋ ದಿನದಿಂದ ಬೈಗುಳಕ್ಕೆ ಮೈಯೊಡ್ಡಿ ಕೂತಿದ್ದಳು.

“ನಾನೇ ನಿನ್ನ ಹಾಳು ಮಾಡ್ದೆ,” ಎಂದಳು.

ರೋಸ್ಮೆನ್ ಅವಳ ಕೈ ಹಿಡಿದುಕೊಂಡಳು. “ಬರೆಸ್ಬೇಡ ಅಂದ್ರಲ್ಲ ಅವತ್ತು, ಎಷ್ಟು ಹಗುರಾಯ್ತು ಗೊತ್ತಾ? ಈ ದೇಶಕ್ಕೆ ಬಂದ್ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೇ ಆ ನಾಲ್ಕು ತಿಂಗಳು.”

ಬೈದಿದ್ದರೆ ಲೊರೇನ್ ಹೇಗೋ ತಡೆದುಕೊಳ್ಳುತ್ತಿದ್ದಳು.