ಪೈಲಟ್‌ನ ದೂರು: ಇಲ್ಲ

ಫಾರ್ಮು ತುಂಬುವುದರಲ್ಲಿ ನನಗೊಂದು ಬಗೆಯ ಬ್ರಹ್ಮಾನಂದವಿದೆ. ಅದರಲ್ಲೂ 'ಇಲ್ಲ' ಎಂದು ಬರೆದು ಮುಗಿಸಬಹುದಾದ ಕಾಲಂ ಸಿಕ್ಕರಂತೂ ಸ್ವರ್ಗಕ್ಕೆ ಮೂರೇ ಗೇಣು. ಹೈದರಾಬಾದಿನ ರಕ್ಷಣಾ ಘಟಕವೊಂದರಲ್ಲಿ, ಪೈಲಟ್ ಇಲ್ಲದೆ ಹಾರುವ ವಿಮಾನದ ಆರೋಗ್ಯಪಾಲನೆಯ ಭಾರ ಹೊತ್ತಿದ್ದ ದಿನಗಳಲ್ಲಿ ಈ ಸುಖ ನನಗೆ ದಿನವೂ ದಕ್ಕುತ್ತಿತ್ತು. ಮನುಷ್ಯರು ಕೂರುವ ವಿಮಾನದ ರಿಜಿಸ್ಟರನ್ನೇ ನಾವು ನಕಲು ಮಾಡಿದ್ದರಿಂದ 'ಪೈಲಟ್‌ನ ದೂರು' ಎಂಬ ಕಾಲಮ್ಮೂ ಅದರಲ್ಲಿ ಉಳಿದುಬಿಟ್ಟಿತ್ತು. ಇಲ್ಲದ ಪೈಲಟ್ ಏನೆಂದು ದೂರಿಯಾನು? ನಿಶ್ಚಿಂತೆಯಿಂದ 'ಇಲ್ಲ' ಎಂದು ಬರೆದು, ಕೆಳಗೆ ಸೊಗಸಾದ ಸಹಿ ಹಾಕುತ್ತಿದ್ದೆ.

ನೀವೇ ಯೋಚಿಸಿ ನೋಡಿ: ಒಳಗೊಬ್ಬ ಮನುಷ್ಯ ಕೂತಿದ್ದರೆ ಇಳಿದ ತಕ್ಷಣ, ಎಡಗಡೆ ಏನೋ ನಡುಗುತ್ತದೆ, ಸುಟ್ಟ ವಾಸನೆ ಬರುತ್ತದೆ ಎಂದು ಕೂಗಾಡುತ್ತಾನೆ. ನಮ್ಮದೋ ಮೌನವ್ರತಿ. ಅದರ ಮೈಗೆ ಅಂಟಿಸಿದ ಉಪಕರಣಗಳು ಕಾಗದದ ಮೇಲೆ ಗೀಚಿದ ಗೆರೆಗಳಿಂದಲೇ ಕಷ್ಟಸುಖ ತಿಳಿಯಬೇಕು. ಗೆರೆ ಮಿತಿ ದಾಟದಿದ್ದರೆ ಕಾಗದ ಮಡಚಿಟ್ಟು ನಾನು ಸಿಕಂದರಾಬಾದಿನ ಬಸ್ಸು ಹಿಡಿಯುತ್ತಿದ್ದೆ.

ಇದ್ದದ್ದು ಒಂದೇ ವಿಮಾನ. ಅದು ಬಿದ್ದರೆ ಯೋಜನೆಯೂ ಬಿತ್ತು. ಅದನ್ನು ದೊಡ್ಡ ಅಧಿಕಾರಿಗಳೆದುರು ಹಾರಿಸಿ ತೋರಿಸಬೇಕಾದ ದಿನದ ಮುನ್ನಾದಿನ ಬೆಳಿಗ್ಗೆ ರಿಜಿಸ್ಟರು ತೆರೆದೆ. ಪೈಲಟ್‌ನ ದೂರಿನ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರ: 'ದಿನಾ ಸ್ವಲ್ಪ ಸ್ವಲ್ಪ ನಡುಕ ಜಾಸ್ತಿ ಆಗಾಕತ್ತೈತಿ.' ಬರೆದವರು ಬೀದರ್ ಕಡೆಯ ಹಿರಿಯ ಮೆಕ್ಯಾನಿಕ್ ಶರಣಪ್ಪನವರು.

ವಿಮಾನಕ್ಕಿಂತ ಮೊದಲು ನಾನು ಹಾರಾಡಿದೆ. "ಸರ್ಕಾರಿ ರಿಜಿಸ್ಟರು ಅಂದ್ರೆ ಆಟವೇನ್ರೀ? ದೂರೋಕೆ ಪೈಲಟ್ ಎಲ್ಲಿದ್ದಾನೆ?"

ಶರಣಪ್ಪನವರು ತಣ್ಣಗೆ, "ಪಾಪ, ಅದಕ್ಕೆಲ್ಲಿ ಬಾಯಿ ಐತ್ರಿ ಸಾಹೇಬ್ರ? ಅದರ ಬದಲಿ ನಾ ಬರದೀನಿ. ಹದಿನೈದು ದಿನದ ಗೆರಿ ಒಂದರ ಬಾಜೂಕ ಒಂದು ಇಟ್ಟು ನೋಡ್ರಿ" ಎಂದರು.

ಸಿಟ್ಟಿನಲ್ಲೇ ಹಾಸಿ ನೋಡಿದೆ. ಒಂದೊಂದೂ ಮಿತಿಯೊಳಗೇ ಇತ್ತು; ಸಾಲಾಗಿಟ್ಟರೆ ನಡುಕದ ಗೆರೆ ಮೆಟ್ಟಿಲು ಹತ್ತಿದಂತೆ ಏರುತ್ತಿತ್ತು! ಎಂಜಿನ್ ಬಿಚ್ಚಿಸಿದಾಗ, ಅದನ್ನು ಹಿಡಿದಿದ್ದ ಬೋಲ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿತು. ಹೊಸ ಬೋಲ್ಟು ಹಾಕಿ ನೆಲದ ಮೇಲೇ ಎಂಜಿನ್ ಓಡಿಸಿ ನೋಡಿದೆವು, ನಡುಕ ಇಳಿಯಿತು. ಮರುದಿನ ವಿಮಾನ ಹಾರಿ ಕ್ಷೇಮವಾಗಿ ನೆಲ ಮುಟ್ಟಿತು, ದೊಡ್ಡವರು ಚಪ್ಪಾಳೆ ತಟ್ಟಿದರು.

ಅವರೆಲ್ಲ ಹೋದ ಮೇಲೆ ರಿಜಿಸ್ಟರು ತೆರೆದು ಕೂತರೆ, ಅಭ್ಯಾಸಬಲದ 'ಇಲ್ಲ' ಪೆನ್ನಿನ ತುದಿವರೆಗೆ ಬಂದೂ ಇಳಿಯಲೊಲ್ಲದು. ಏನು ಬರೆಯಲಿ ಎಂದು ಶರಣಪ್ಪನವರನ್ನೇ ಕೇಳಿದೆ.

"ನನ್ನೇನ್ ಕೇಳ್ತೀರಿ? ಅದನ್ನ ಕೇಳ್ರಿ" ಎಂದು ಕೈ ಒರೆಸಿಕೊಂಡು ಅವರು ಚಹಾಕ್ಕೆ ಹೋದರು.

ಅತ್ತಿತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೂ ಬೆಚ್ಚಗಿದ್ದ ಎಂಜಿನ್ನಿನ ಬಳಿ ಬಗ್ಗಿ, ಎಂಜಿನಿಯರಿಂಗ್ ಪದವೀಧರನಾದ ನಾನು ಮೆಲ್ಲಗೆ, "ಹೇಗಿದ್ದೀಯಪ್ಪಾ?" ಎಂದೆ. ಆಮೇಲೆ ಉತ್ತರಕ್ಕಾಗಿ, ಆ ದಿನದ ಗೆರೆಗಳನ್ನು ಹಿಂದಿನವುಗಳ ಪಕ್ಕದಲ್ಲಿ ಹಾಸಿಕೊಂಡು ಕೂತೆ.